ಜಪಾನಕ್ಕನ ಶನಿವಾರಗಳು

ಹೋದ ತಿಂಗಳು ನಮ್ಮ ಪಕ್ಕದ ಮನೆಯ ಜಪಾನಕ್ಕ ತೀರಿಕೊಂಡರು. ಹನ್ನೊಂದನೆಯ ದಿನ ತಿಥಿಗೆ ಬಂದವರೆಲ್ಲ ಉಂಡು, ನಮ್ಮ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ, ಎಂಥ ಹೆಂಗಸು, ಎಂಥ ಶಿಸ್ತು, ನಮ್ಮ ಮಕ್ಕಳಿಗೆ ಎಷ್ಟು ಹೇಳಿಕೊಟ್ಟರು ಎಂದು ಮಾತಾಡಿಕೊಂಡರು. ನಾನು ಚೊಂಬಿನಲ್ಲಿ ನೀರು ತಂದಿಡುತ್ತ ಕೇಳಿಸಿಕೊಂಡೆ. ಮೂರು ವರ್ಷದ ಹಿಂದೆ ಇದೇ ಜನ, ಆ ಹೆಂಗಸನ್ನು ಊರು ಬಿಡಿಸಬೇಕು ಎಂದು ಮಾರಮ್ಮನ ಗುಡಿಯ ಮುಂದೆ ಸೇರಿದ್ದರು. ಅವರಿಗೆ ಆ ಕುತ್ತು ತಂದಿದ್ದು ಒಂದು ತುಂಡು ಬಿಳಿ ಬಟ್ಟೆ. ಆ ಬಟ್ಟೆ ಕೊಟ್ಟವಳು ನಾನು. ಇದನ್ನು ಬಿಟ್ಟು ಬರೀ ಅವರ ಒಳ್ಳೆಯ ಗುಣ ಬರೆದರೆ ಮಾರಮ್ಮ ತಾಯಿ ಮೆಚ್ಚುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ನಮ್ಮೂರಿನ ಅರ್ಧ ಜನಕ್ಕೆ ಯಾರೆಂದು ತಿಳಿಯುವುದಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವರು ಜಪಾನಕ್ಕ.

ಹುಟ್ಟಿದ್ದು ಕೋಟೆ ತಾಲ್ಲೂಕಿನಲ್ಲಿ, ಕೇರಳದ ಗಡಿಗೆ ತಾಗಿದ ಬೇಗೂರಿನ ಕಡೆ. ಓದಿದ್ದು ಏಳನೇ ಕ್ಲಾಸು. ಮೈಸೂರಿನಲ್ಲಿ ಒಬ್ಬ ಡಾಕ್ಟರ ಮನೆಯ ಅಡುಗೆಗೆ ಸೇರಿದರು. ಆ ಡಾಕ್ಟರ ಮಗನಿಗೆ ಜಪಾನಿನಲ್ಲಿ ಕೆಲಸವಾಯಿತು, ಅವಳಿ ಮಕ್ಕಳಾದವು, ನೋಡಿಕೊಳ್ಳಲು ಇವರನ್ನೇ ಕರೆದುಕೊಂಡು ಹೋದರು. ಕೋಬೆ ಎಂಬ ಊರಿನಲ್ಲಿ ಒಂಬತ್ತು ವರ್ಷ. ಆ ಅವಳಿಗಳ ಕೈ ಹಿಡಿದು ಶಾಲೆಗೆ ಬಿಟ್ಟು, ಕರೆತಂದು, ಅವರ ಜೊತೆಯಲ್ಲೇ ಕೂತು ಒಂದನೇ ಕ್ಲಾಸಿನ ಅಕ್ಷರ ತಿದ್ದಿದ್ದರಂತೆ. ಮಕ್ಕಳು ದೊಡ್ಡವರಾದ ಮೇಲೆ ಇವರು ವಾಪಸು ಬಂದರು. ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ಇರುವ ನಮ್ಮೂರಿಗೆ ಅವರ ತಂಗಿಯನ್ನು ಕೊಟ್ಟಿದ್ದರು. ತಂಗಿಯೂ ತಂಗಿಯ ಗಂಡನೂ ತೀರಿಹೋಗಿ ಖಾಲಿ ಬಿದ್ದಿದ್ದ ಮನೆಗೆ ಸುಣ್ಣ ಬಳಿದು ಒಬ್ಬರೇ ಬಂದು ಸೇರಿಕೊಂಡರು. ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ.

ಮೊದಲು ನಮಗೆಲ್ಲ ವಿಚಿತ್ರವಾಗಿ ಕಂಡದ್ದು ಚಪ್ಪಲಿ. ಯಾರ ಮನೆಗೆ ಬಂದರೂ ಚಪ್ಪಲಿ ಬಿಟ್ಟು, ತಿರುಗಿ, ಬಗ್ಗಿ, ಅದರ ಮೂತಿಯನ್ನು ಬೀದಿ ಕಡೆಗೆ ಮಾಡಿ ಇಡುವರು. ಪಕ್ಕದಲ್ಲಿ ಬೇರೆಯವರ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿದ್ದರೆ ಅದನ್ನೂ ಹಾಗೇ ಇಡುವರು. ನಮ್ಮ ಅತ್ತೆ ಕೇಳಿಯೇ ಬಿಟ್ಟರು.

"ಯಾಕವ್ವ, ಬರ್ತಾ ಇದ್ದಂಗೇ ಹೊರಡೋಕೆ ರೆಡಿ ಮಾಡ್ಕತೀಯ?"

"ನಾನು ಹೊರಡೋ ಹೊತ್ತಿಗೆ ನಿಮಗೆ ಬೆನ್ನು ತೋರಿಸಿಕೊಂಡು ಒದ್ದಾಡಬಾರದಲ್ಲ ದೊಡ್ಡವ್ವ, ಅದಕ್ಕೆ."

ಅತ್ತೆಗೆ ಆ ಉತ್ತರ ಹಿಡಿಸಿತು. ಅತ್ತೆಗೆ ಏನಾದರೂ ಹಿಡಿಸುವುದು ವರ್ಷಕ್ಕೆ ಒಂದೆರಡು ಸಲ.

ಶಾಲೆಯ ಹೆಡ್‌ಮೇಷ್ಟ್ರು ಒಳ್ಳೆಯವರು, ಸ್ವಲ್ಪ ಪುಕ್ಕಲು. ಮಕ್ಕಳು ಬ್ಯಾಗಿಲ್ಲದೆ ಬರುವ ಶನಿವಾರಗಳಲ್ಲಿ ಏನಾದರೂ ಹೊಸದು ಹೇಳಿಕೊಡಬೇಕು ಎಂದು ಸರ್ಕಾರದಿಂದ ಸೂಚನೆ ಬಂದಿತ್ತು. ಮೇಷ್ಟ್ರಿಗೆ ಹೊಳೆದದ್ದು ಜಪಾನಕ್ಕ. ಹೀಗೆ ನಮ್ಮೂರ ಶಾಲೆಯಲ್ಲಿ ಜಪಾನ್ ಪೀರಿಯಡ್ ಶುರುವಾಯಿತು. ಆಗ ನನ್ನ ಮಗಳು ಚಂದನ ಐದನೇ ಕ್ಲಾಸು.

ಅವರು ಬುದ್ಧನ ಗುಡಿಯನ್ನೋ ಬುಲೆಟ್ ಟ್ರೈನನ್ನೋ ಹೇಳಿಕೊಡುತ್ತಾರೆ ಎಂದುಕೊಂಡಿದ್ದೆ. ಅದೇನೂ ಇಲ್ಲ. ಅಲ್ಲಿನ ಒಂದು ಮಗು ಬೆಳಿಗ್ಗೆ ಎದ್ದು ಮಲಗುವವರೆಗೆ ಏನೇನು ಮಾಡುತ್ತದೆ, ಅಷ್ಟೇ ಅವರ ಪಾಠ. ಹಾಸಿಗೆ ತಾನೇ ಮಡಿಸುತ್ತದೆ. ಬೀದಿಯ ಮಕ್ಕಳೆಲ್ಲ ಒಂದು ಕಡೆ ಸೇರಿ ಸಾಲಾಗಿ ಶಾಲೆಗೆ ನಡೆಯುತ್ತವೆ, ಆರನೇ ಕ್ಲಾಸಿನದು ಮುಂದೆ, ಒಂದನೇ ಕ್ಲಾಸಿನದು ನಡುವೆ. ರಸ್ತೆ ದಾಟುವಾಗ ಒಂದು ಕೈಯನ್ನು ಮೇಲಕ್ಕೆ ಎತ್ತಿ ಹಿಡಿಯುತ್ತವೆ, ಸಣ್ಣ ಮಕ್ಕಳು ಡ್ರೈವರಿನ ಕಣ್ಣಿಗೆ ಬೀಳಲಿ ಎಂದು. ನಮ್ಮ ಶಾಲೆ ಇರುವುದು ಮಡಿಕೇರಿಗೆ ಹೋಗುವ ದೊಡ್ಡ ರಸ್ತೆಯ ಆಚೆ. ಆ ಪಾಠ ಆದ ಸೋಮವಾರದಿಂದ ನಮ್ಮ ಮಕ್ಕಳೆಲ್ಲ ಕೈ ಎತ್ತಿಕೊಂಡು ರಸ್ತೆ ದಾಟತೊಡಗಿದವು. ಬಸ್ಸಿನವರು ಮೊದಲು ನಕ್ಕರು, ಆಮೇಲೆ ನಿಲ್ಲಿಸತೊಡಗಿದರು. ನನ್ನ ಪುಟ್ಟ ಭಾಗ್ಯಗಳ ಪಟ್ಟಿಯಲ್ಲಿ ಇದನ್ನು ಮೊದಲು ಸೇರಿಸಿಕೊಂಡಿದ್ದೇನೆ.

ಒಂದು ಶನಿವಾರ ಬಿದಿರಿನ ಕಡ್ಡಿ ಸೀಳಿ, ನಯ ಮಾಡಿ, ಮಕ್ಕಳಿಗೆ ಎರಡೆರಡು ಕೊಟ್ಟು ಉಣ್ಣುವುದನ್ನು ಹೇಳಿಕೊಟ್ಟರಂತೆ. ಅನ್ನ ಹೇಗೋ ಆಯಿತು. ಚಂದನ ಮನೆಗೆ ಬಂದು ಮುದ್ದೆಗೂ ಅದೇ ಕಡ್ಡಿ ಹಾಕಿದಳು. ಮುದ್ದೆ ಎದ್ದಿತು, ತಟ್ಟೆಯೂ ಜೊತೆಗೆ ಎದ್ದಿತು. ಗೋಡೆಯಾಚೆಯಿಂದ ಜಪಾನಕ್ಕ ನೋಡಿ, "ಮುದ್ದೆ ಮುಂದೆ ಜಪಾನಿನವರೂ ಸೋತುಹೋಗ್ತಾರೆ ಕಣೇ, ಕೈಯಲ್ಲೇ ಮುರಿ" ಎಂದರು.

ಎಲ್ಲ ಪಾಠವೂ ಹೀಗೆ ಸಲೀಸಾಗಿ ಇಳಿಯಲಿಲ್ಲ. ಮಕ್ಕಳು ಒದ್ದೆ ಬಟ್ಟೆ ಹಿಡಿದು ಸಾಲಾಗಿ ಬಗ್ಗಿ, ಓಡುತ್ತ ಕ್ಲಾಸಿನ ನೆಲ ಒರೆಸುವುದನ್ನು ಕಂಡು ಕೆಲವರು ಗೊಣಗಿದರು. ನಮ್ಮ ಭಾವನವರು, ಎಂದರೆ ನನ್ನ ಯಜಮಾನರ ಅಣ್ಣ, ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿದ್ದಾರೆ. "ನೆಲ ಒರ್‍ಸೋಕೆ ಕಳಿಸ್ತೀವಾ ಮಕ್ಕಳ್ನ?" ಎಂದು ಮೇಷ್ಟ್ರನ್ನು ತರಾಟೆಗೆ ತೆಗೆದುಕೊಂಡಿದ್ದರು. ನನಗೂ ಒಂದು ಮುಳ್ಳು ಚುಚ್ಚಿತು. ಚಂದನ ಊಟಕ್ಕೆ ಕೂತು, ಕೈ ಮುಗಿದು, "ಇತಾದಾಕಿಮಾಸ್" ಎಂದಳು. ನಾನು ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು. ಅದು ಯಾವ ದೇವರೋ, ಯಾವ ಮಂತ್ರವೋ. ಸಂಜೆ ಗೋಡೆಯ ಬಳಿ ಹೋಗಿ ನೇರವಾಗಿ ಕೇಳಿದೆ.

"ಅಕ್ಕ, ತಪ್ಪು ತಿಳ್ಕೋಬೇಡಿ. ನಮ್ಮನೇಲಿ ಅನ್ನಪೂರ್ಣೆ ನೆನೆಸಿಕೊಂಡು ಉಣ್ಣೋದು. ಅದ್ಯಾರನ್ನ ನೆನೆಸ್ಕೊತಾಳೆ ಇವಳು?"

ಅವರು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ಅಕ್ಕಿ ಬೆಳೆದೋರ್ನ, ಬೇಯಿಸಿದೋರ್ನ, ಬೆಂದ ಅಕ್ಕೀನ. ಅಂದ್ರೆ ನಿನ್ನ ಗಂಡನ್ನ, ನಿನ್ನ. ನೀನು ಅನ್ನಪೂರ್ಣೆಗೂ ಕೈ ಮುಗಿಸು. ಮುಗಿಯೋಕೆ ಇರೋ ಕೈ ಎರಡೇ ತಾನೆ."

ನನಗೆ ಯಾರೂ ಊಟಕ್ಕೆ ಮುಂಚೆ ಕೈ ಮುಗಿದಿರಲಿಲ್ಲ. ಒಳಗೆ ಬಂದೆ.

ಆ ವರ್ಷ ಪುನರ್ವಸು ಮಳೆ ಚೆನ್ನಾಗಿ ಹಿಡಿಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಸಣ್ಣಗೆ ಜಿನುಗುತ್ತಿತ್ತು. ನನ್ನ ತವರು ಮಿರ್ಲೆ, ನಾಲೆ ನೀರು ನೋಡಿ ಬೆಳೆದವಳು ನಾನು. ಈ ಊರಿಗೆ ಬಂದ ಮೇಲೆ ಆಕಾಶ ನೋಡುವುದನ್ನು ಕಲಿತೆ. ಎಲ್ಲರೂ ರಾಗಿ ಬಿತ್ತಿ, ಮೊಳಕೆ ಬಂದು, ಗೆಲುವಾಗಿದ್ದರು. ಗೆಲುವಿಲ್ಲದ್ದು ಐದನೇ ಕ್ಲಾಸಿನ ಮಕ್ಕಳಿಗೆ. ಆ ಶನಿವಾರ ಜಪಾನಕ್ಕ ಅವರನ್ನು ಕೆರೆ ಏರಿಗೆ ಕರೆದುಕೊಂಡು ಹೋಗುವವರಿದ್ದರು. ಅಲ್ಲಿನ ಮಕ್ಕಳ ಹಾಗೆ, ಮನೆಯಿಂದ ಚಂದವಾಗಿ ಜೋಡಿಸಿದ ಡಬ್ಬಿ ಊಟ, ಅದನ್ನು ಗಂಟು ಕಟ್ಟಲು ಚೌಕದ ಬಟ್ಟೆ. ಮಳೆ ಬಿಡದಿದ್ದರೆ ಹೋಗುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದರು.

ಬುಧವಾರ ಚಂದನ ಬಂದು, "ಅಮ್ಮ, ಬಿಳಿ ಬಟ್ಟೆ ಕೊಡು, ಜಪಾನ್ ಪೀರಿಯಡ್‌ಗೆ" ಎಂದಳು. ನನಗೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಟ್ರಂಕಿನ ಬಾಯಿ ತೆರೆದೆ. ಮೇಲುಗಡೆಯೇ ಮಾವನವರ ಒಂದು ಹಳೆಯ ಪಂಚೆ ಇತ್ತು. ಅವರು ಹೋಗಿ ಒಂದು ವರ್ಷವಾಗಿತ್ತು. ಒಳ್ಳೆಯ ಪಂಚೆಗಳನ್ನೆಲ್ಲ ಆಗಲೇ ದಾನ ಕೊಟ್ಟಾಗಿತ್ತು. ಇದು ಹರಿದಿತ್ತು, ಒರೆಸುವ ಬಟ್ಟೆಗೆಂದು ಎತ್ತಿಟ್ಟಿದ್ದೆ. ಚರ್ರನೆ ಒಂದು ತುಂಡು ಹರಿದು ಕೊಟ್ಟೆ. ಯಾತಕ್ಕೆ ಎಂದು ಕೇಳಲಿಲ್ಲ.

ಅದು ಬೊಂಬೆಗೆ. ಜಪಾನಿನಲ್ಲಿ ಮಕ್ಕಳು ಎಲ್ಲಾದರೂ ಹೋಗುವ ಹಿಂದಿನ ದಿನ ಮಳೆ ನಿಲ್ಲಲಿ ಎಂದು ಬೊಂಬೆ ಕಟ್ಟುತ್ತವಂತೆ. ಹತ್ತಿಯ ಉಂಡೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಕತ್ತಿಗೆ ದಾರ ಬಿಗಿದು, ಕಣ್ಣು ಮೂಗು ಬರೆದು ಕಿಟಕಿಗೆ ನೇತು ಹಾಕುವುದು. ನಮ್ಮ ಮಕ್ಕಳು ಐದು ಬೊಂಬೆ ಮಾಡಿ ಶಾಲೆಯ ಹಿಂದಿನ ಕಿಟಕಿಯಲ್ಲಿ ಸಾಲಾಗಿ ಕಟ್ಟಿದವು. ಶನಿವಾರ ಬಿಸಿಲು ಬಂತು. ಕುಣಿದಾಡಿಕೊಂಡು ಹೋಗಿ ಉಂಡು ಬಂದವು. ಬೊಂಬೆ ಬಿಚ್ಚುವುದನ್ನು ಎಲ್ಲರೂ ಮರೆತರು.

ಆ ಬಿಸಿಲು ಹೋಗಲೇ ಇಲ್ಲ. ಪುಷ್ಯ ಮಳೆ ಹುಟ್ಟಿತು ಎಂದು ಪಂಚಾಂಗದಲ್ಲಿತ್ತು, ಆಕಾಶದಲ್ಲಿರಲಿಲ್ಲ. ಹನ್ನೆರಡು ದಿನ ಒಂದು ಹನಿ ಇಲ್ಲ. ಬೆರಳುದ್ದದ ರಾಗಿ ಪೈರು ಮಧ್ಯಾಹ್ನದ ಹೊತ್ತಿಗೆ ಸುರುಟಿಕೊಳ್ಳುತ್ತಿತ್ತು. ಶಾಲೆಯ ಹಿಂದಿನ ಹೊಲ ನಮ್ಮದೇ. ಗುರುವಾರ ಬೆಳಿಗ್ಗೆ ಪೈರು ನೋಡಲು ಹೋದ ಭಾವನವರು ತಲೆ ಎತ್ತಿದರೆ, ಕತ್ತಿಗೆ ದಾರ ಬಿಗಿದ ಐದು ಬಿಳಿ ಬೊಂಬೆಗಳು ಅವರ ಹೊಲವನ್ನೇ ನೋಡುತ್ತ ನೇತಾಡುತ್ತಿದ್ದವು.

ಭಾವನವರು ಅವನ್ನು ಕಿತ್ತುಕೊಂಡು ಮನೆಗೆ ಬಂದು ಅಂಗಳಕ್ಕೆ ಎಸೆದರು. ಒಂದು ಬೊಂಬೆಯ ಅಂಚಿನಲ್ಲಿ ಸಣ್ಣ ನೀಲಿ ಗೆರೆ, ಅದರ ಪಕ್ಕ ಕಪ್ಪು ಗೆರೆ.

"ಅವ್ವ, ಇದ್ಯಾವ್ದು ನೋಡು. ಅಪ್ಪನ ಪಂಚೆ ಅಂಚಲ್ವಾ?"

ಅತ್ತೆ ಕೈಗೆ ತೆಗೆದುಕೊಂಡು ನೋಡಿದರು. ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಆಮೇಲೆ ಸೆರಗು ಬಾಯಿಗೆ ಹಿಡಿದು ಗೋಡೆಗೆ ಒರಗಿದರು. ಸತ್ತವರು ಉಟ್ಟ ಬಟ್ಟೆ ಹೀಗೆ ಬೊಂಬೆಯಾಗಿ ಕತ್ತು ಬಿಗಿಸಿಕೊಂಡು ನೇತಾಡಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ.

"ಆ ಜಪಾನ್‌ನೋಳು ಮಾಟ ಮಾಡವ್ಳೆ," ಎಂದರು ಭಾವನವರು. "ನಮ್ಮಪ್ಪನ ಬಟ್ಟೆ ಕದ್ದು, ನಮ್ ಹೊಲಕ್ಕೇ ಕಟ್ಟವ್ಳೆ."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಏಕೆ ಹೇಳಲಿಲ್ಲ ಎಂಬುದನ್ನೂ ಬರೆಯಬೇಕು. ಮದುವೆಯಾಗಿ ಬಂದಾಗಿನಿಂದ ನಾನು ಭಾವನವರ ಎದುರು ಬಾಯಿ ಬಿಟ್ಟವಳಲ್ಲ, ಅದು ನಮ್ಮ ಮನೆಯ ರೀತಿ. ಹಿಂದೊಮ್ಮೆ, ಚಂದನ ಎರಡು ವರ್ಷದ ಕೂಸಾಗಿದ್ದಾಗ, ಸಣ್ಣದೊಂದು ಕಾರಣಕ್ಕೆ ನನ್ನನ್ನು ಮಿರ್ಲೆಗೆ ಕಳಿಸಿದರು. ಕೂಸನ್ನು ಇಲ್ಲೇ ಇಟ್ಟುಕೊಂಡರು. ನಾಲ್ಕು ತಿಂಗಳು. ಯಜಮಾನರು ಒಳ್ಳೆಯವರು, ಆದರೆ ಅಣ್ಣನಿಗೆ ಎದುರಾಡಿದವರಲ್ಲ. ನಾನು ವಾಪಸು ಬಂದಾಗ ಕೂಸು ನನ್ನನ್ನು ಗುರುತಿಸದೆ ಅತ್ತೆಯ ಸೆರಗು ಹಿಡಿದುಕೊಂಡಿತ್ತು. ಮಾವನವರ ಬಟ್ಟೆಯನ್ನು ಕೈಯಾರೆ ಹರಿದು ಕೊಟ್ಟೆ ಎಂದರೆ ಈ ಸಲ ಎಷ್ಟು ತಿಂಗಳು?

ಅವತ್ತು ಸಂಜೆ ಭಾವನವರು, ಊರಿನ ಹಿರಿಯರಾದ ತಮ್ಮಣ್ಣನವರು, ಇನ್ನೂ ನಾಲ್ಕು ಜನ ಜಪಾನಕ್ಕನ ಮನೆಯ ಹಿತ್ತಲಿಗೆ ಹೋದರು. ನಾನು ಗೋಡೆಯ ಈಚೆ ಪಾತ್ರೆ ತೊಳೆಯುತ್ತ ಕೂತೆ. ತೊಳೆದ ಪಾತ್ರೆಯನ್ನೇ ತೊಳೆದೆ.

"ಈ ಬೊಂಬೆ ಮಾಡ್ಸಿದ್ದು ನೀನಾ?" ಭಾವನವರ ದನಿ.

"ಹೂಂ, ನಾನೇ ಹೇಳಿಕೊಟ್ಟಿದ್ದು."

"ಯಾತಕ್ಕೆ?"

"ಮಳೆ ನಿಲ್ಲಲಿ ಅಂತ."

ಜಪಾನಕ್ಕನಿಗೆ ಸುಳ್ಳು ಬರುತ್ತಿರಲಿಲ್ಲ, ಅದೇ ಅವರ ದೋಷ.

"ಕೇಳುದ್ರಾ, ಬಾಯಿಬುಟ್ಟು ಹೇಳ್ತಾವ್ಳೆ, ಮಳೆ ನಿಲ್ಸೋಕೆ ಅಂತ."

"ಒಂದು ದಿನಕ್ಕೆ ಕಣಣ್ಣ. ಮಕ್ಕಳು ಕೆರೆ ಏರಿಗೆ ಹೋಗಬೇಕಿತ್ತು. ಅಲ್ಲಿ ಎಲ್ಲ ಮಕ್ಕಳೂ ಕಟ್ಟೋ ಬೊಂಬೆ ಅದು. ಮಾಟ ಮಂತ್ರ ಏನೂ ಇಲ್ಲ."

"ಬಟ್ಟೆ? ನಮ್ಮಪ್ಪನ ಬಟ್ಟೆ ನಿನ್ ಕೈಗೆಂಗೆ ಬಂತು? ಯಾರ್ ಕೊಟ್ರು?"

ಬಟ್ಟೆ ಎಲ್ಲಿಂದ ಬಂತು ಎಂದು ಜಪಾನಕ್ಕನಿಗೆ ಗೊತ್ತಿತ್ತು. ಬೊಂಬೆ ಕಟ್ಟುವಾಗಲೇ ಚಂದನ, ಅಮ್ಮ ತಾತನ ಪಂಚೆ ಕೊಟ್ಟಳು ಎಂದು ಹೇಳಿದ್ದಳಂತೆ. ನನ್ನ ನಾಲ್ಕು ತಿಂಗಳ ಕಥೆಯೂ ಅವರಿಗೆ ಗೊತ್ತಿತ್ತು, ಇದೇ ಗೋಡೆಯ ಬಳಿ ನಾನೇ ಅತ್ತುಕೊಂಡು ಹೇಳಿದ್ದೆ.

"ಯಾರೂ ಕೊಡಲಿಲ್ಲ," ಎಂದರು. "ತಂತಿ ಮೇಲೆ ಒಣಗ್ತಿತ್ತು. ನಾನೇ ಎಳ್ಕೊಂಡೆ."

ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ತಮ್ಮಣ್ಣನವರು ಹೇಳಿದರು. "ನಾಳೆ ಆಷಾಢ ಶುಕ್ರವಾರ. ಅಮ್ಮನ ಮುಂದೆ ಕರ್ಪೂರ ಆರ್‍ಸಿ ಹೇಳವ್ವ, ಮಾಟ ಅಲ್ಲ ಅಂತ. ಹೇಳುದ್ರೆ ಊರಲ್ಲಿರು. ಇಲ್ದಿದ್ರೆ ನಿಮ್ಮೂರಿಗೆ ಹೊರಟೋಗು."

"ಬಟ್ಟೆ ವಿಸ್ಯಾನೂ ಸೇರ್‍ಸಿ ಹೇಳ್ಬೇಕು," ಎಂದರು ಭಾವನವರು. "ನಾನೇ ಎಳ್ಕೊಂಡೆ, ಆ ಮನೇವ್ರು ಯಾರೂ ಕೊಟ್ಟಿಲ್ಲ ಅಂತ."

"ಆಗಲಿ," ಎಂದರು ಜಪಾನಕ್ಕ.

ಇದು ತಿಳಿಯದವರಿಗೆ ಒಂದು ಮಾತು. ನಮ್ಮ ಕಡೆ ಅಮ್ಮನ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿ ಆಡಿದ ಮಾತೇ ಕೊನೆ. ಅದರ ಮೇಲೆ ಪಂಚಾಯಿತಿ ಇಲ್ಲ, ಪೊಲೀಸು ಇಲ್ಲ. ಸುಳ್ಳು ಹೇಳಿ ಆರಿಸಿದವರು ವರ್ಷ ತುಂಬುವುದರೊಳಗೆ ಕಣ್ಣನ್ನೋ ಕೈಯನ್ನೋ ಕಳೆದುಕೊಳ್ಳುತ್ತಾರೆ. ಓದಿದವರು ನಗಬಹುದು. ನಾನು ನಗುವುದಿಲ್ಲ. ನಂಬಿಯೇ ಬದುಕಿದವಳು. ಮಾಟ ಅಲ್ಲ ಎಂಬುದು ನಿಜ, ಅದಕ್ಕೆ ಅವರು ಹೆದರಬೇಕಾಗಿರಲಿಲ್ಲ. ಬಟ್ಟೆಯ ಮಾತು ಸುಳ್ಳು. ನನ್ನ ಸಂಸಾರ ಉಳಿಸಲು ಅವರು ಉರಿಯುವ ಕರ್ಪೂರದ ಮೇಲೆ ಸುಳ್ಳಿನ ಕೈ ಇಡಲು ಹೊರಟಿದ್ದರು.

ಶುಕ್ರವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ದೀಪ ಹಚ್ಚಿದೆ. ಅಮ್ಮನ ಪಟದ ಮುಖ ನೋಡಲಾಗಲಿಲ್ಲ, ಪಾದ ನೋಡಿಕೊಂಡೇ ಅರಿಶಿನ ಕುಂಕುಮ ಇಟ್ಟೆ. ಚಂದನಳನ್ನು ಶಾಲೆಗೆ ಕಳಿಸಿದೆ. ಅವಳು ಹೋಗುವಾಗ, "ಅಮ್ಮ, ಅಕ್ಕನ್ನ ಕಳಿಸಿಬಿಡ್ತಾರಾ?" ಎಂದಳು. ಏನೂ ಆಗಲ್ಲ, ಹೋಗು ಎಂದೆ. ಆಮೇಲೆ ಗೋಡೆಯ ಬಳಿ ಓಡಿದೆ.

"ಅಕ್ಕ, ಬೇಡಿ. ಸುಳ್ಳು ಪ್ರಮಾಣ ಮಾಡ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವರು ಬಟ್ಟೆ ಹಿಂಡುತ್ತಿದ್ದರು. "ಮತ್ತೆ ನಿಜ ಹೇಳೋರು ಯಾರು?"

ನಾನು ಗೋಡೆಯ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆದೆ.

"ನಾನು ಒಬ್ಬಳೇ ಕಣಮ್ಮ," ಎಂದರು, ಸಿಟ್ಟಿಲ್ಲದೆ. "ಕಳಿಸಿದರೆ ಇನ್ನೊಂದೂರು. ನಿನಗೆ ಹಾಗಲ್ಲ."

"ಅಮ್ಮ ಸುಮ್ನಿರ್ತಾಳಾ ಅಕ್ಕ?"

"ಅದು ಅಮ್ಮನಿಗೂ ನನಗೂ ಇರೋ ಮಾತು. ನೀನು ಒಳಗೆ ಹೋಗು, ಯಾರಾದರೂ ನೋಡ್ತಾರೆ."

ಹನ್ನೊಂದು ಗಂಟೆಗೆ ಪೂಜೆ ಮುಗಿಯಿತು. ಗುಡಿಯ ಮುಂದೆ ಒಂದೈವತ್ತು ಜನ. ಗಂಡಸರು ಮುಂದೆ, ನಾವು ಹೆಂಗಸರು ಹಿಂದೆ. ಹೆಡ್‌ಮೇಷ್ಟ್ರು ಬಂದಿದ್ದರು, ಮೂಲೆಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು. ಪೂಜಾರಿ ತಟ್ಟೆಯಲ್ಲಿ ಕರ್ಪೂರ ಇಟ್ಟು ಕಾಯುತ್ತಿದ್ದ.

ಜಪಾನಕ್ಕ ಬಂದರು. ಒಗೆದ ಬಿಳಿ ಸೀರೆ, ಹಣೆಗೆ ಕುಂಕುಮ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ತಿರುಗಿ, ಬಗ್ಗಿ ಸರಿಯಾಗಿ ಇಟ್ಟರು. ಆಮೇಲೆ ಅಲ್ಲಿ ರಾಶಿ ಬಿದ್ದಿದ್ದ ಎಲ್ಲರ ಚಪ್ಪಲಿಗೂ ಕೈ ಹಾಕಿದರು. ಒಂದೊಂದೇ ಜೊತೆ ಹುಡುಕಿ, ಮೂತಿ ಹೊರಗೆ ಮಾಡಿ, ಸಾಲಾಗಿ ಇಡತೊಡಗಿದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದೇನವ್ವ, ಚಪ್ಪಲಿ ಜೋಡ್ಸೋಕೆ ಕರ್‍ದಿದ್ವಾ ನಿನ್ನ?" ಎಂದರು ಭಾವನವರು.

"ಎರಡು ನಿಮಿಷ ಕಣಣ್ಣ."

ಭಾವನವರ ಚಪ್ಪಲಿಯನ್ನೂ ಜೋಡಿಸಿದರು. ನನ್ನವನ್ನೂ ಜೋಡಿಸಿದರು. ಯಾರೋ ಕಿಸಕ್ಕೆಂದರು, ಯಾರೋ ಸುಮ್ಮನಿರಿ ಎಂದರು. ಇದು ಬೇಗ ಮುಗಿಯಲಿ ಎಂದೂ, ಮುಗಿಯದೇ ಇರಲಿ ಎಂದೂ ಒಟ್ಟಿಗೇ ಬೇಡಿಕೊಂಡೆ. ಅವರು ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆದರು, ಕೈ ತೊಳೆದರು, ಸೆರಗಿನಲ್ಲಿ ಬೆರಳು ಬೆರಳೂ ಒರೆಸಿದರು. ಮೆಟ್ಟಿಲು ಹತ್ತಿದರು. ಪೂಜಾರಿ ಕರ್ಪೂರ ಹಚ್ಚಿದ.

"ಹೇಳವ್ವ," ಎಂದರು ತಮ್ಮಣ್ಣನವರು.

ಅವರು ಅಮ್ಮನ ಕಡೆ ನೋಡಿದರು. "ತಾಯಿ, ನಾನು ಮಾಟ ಮಾಡಿಲ್ಲ." ಬಲಗೈ ಎತ್ತಿದರು. "ಆ ಬಟ್ಟೇನ…"

"ಅಕ್ಕ, ಕೈ ತೆಗೀರಿ," ಎಂದೆ. "ಪಂಚೆ ನಾನ್ ಕೊಟ್ಟಿದ್ದು."

ನನ್ನ ದನಿ ನನಗೇ ಗುರುತಾಗಲಿಲ್ಲ. ಗಂಡಸರೆಲ್ಲ ಹಿಂತಿರುಗಿದರು. ಯಜಮಾನರು ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡರು.

"ಏನಂದೆ?" ಎಂದರು ಭಾವನವರು. ಹದಿಮೂರು ವರ್ಷದಲ್ಲಿ ಅವರು ನೇರವಾಗಿ ನನಗೆ ಕೇಳಿದ ಮೊದಲ ಮಾತು.

ಒಂದು ಸಲ ಬಾಯಿ ಬಿಟ್ಟಾಗಿತ್ತು, ಮುಚ್ಚುವುದು ಇನ್ನೂ ಕಷ್ಟ. "ಮಾವನೋರ ಹರಿದ ಪಂಚೆ ಭಾವ. ಚಂದನ ಕೇಳಿದ್ಲು, ನಾನೇ ಹರ್‍ಕೊಟ್ಟೆ. ಬೊಂಬೆಗೆ ಅಂತ ಗೊತ್ತಿರ್‍ಲಿಲ್ಲ, ಗೊತ್ತಿದ್ರೂ ಕೊಡ್ತಿದ್ದೆನೋ ಏನೋ. ಬೊಂಬೆ ಕಟ್ಟಿದ್ದು ನಿಮ್ ತಮ್ಮನ ಮಗಳು. ಮಳೆ ಬರ್‍ಲಿಲ್ಲ ಅಂದ್ರೆ ನಮ್ ಹುಡುಗ್ರು ಮಣ್ಣಲ್ಲಿ ಮಳೆರಾಯನ್ನ ಮಾಡಿ, ಮಣೆ ಮೇಲಿಟ್ಟು ಹೊತ್ಕೊಂಡು ಮನೆ ಮನೆಗೆ ಬರ್ತಾರಲ್ಲ. ನೀವೂ ಹೊತ್ತಿದ್ರಂತೆ, ಅತ್ತೆ ಹೇಳವ್ರೆ. ಅದು ಮಳೆ ಬಾ ಅನ್ನೋಕೆ, ಇದು ಒಂದಿನ ನಿಲ್ಲು ಅನ್ನೋಕೆ. ಅದು ಮಾಟ ಅಲ್ಲ ಅಂದ್ರೆ ಇದೂ ಅಲ್ಲ. ನನ್ನನ್ನ ಮಿರ್ಲೆಗೆ ಕಳಿಸ್ತೀರೇನೋ, ಕಳಿಸಿ. ಅವರ ಕೈಲಿ ಸುಳ್ಳು ಹೇಳಿಸ್ಬೇಡಿ."

ಜಪಾನಕ್ಕ ಎತ್ತಿದ ಕೈಯನ್ನು ಇಳಿಸಿ ಸೆರಗಿನೊಳಗೆ ಇಟ್ಟುಕೊಂಡರು. ಕರ್ಪೂರ ತಾನಾಗಿ ಉರಿದು, ತಟ್ಟೆಯ ಮೇಲೆ ಒಂದು ಕಪ್ಪು ಮಚ್ಚೆ ಬಿಟ್ಟು, ಆರಿತು.

ಮೊದಲು ಮಾತಾಡಿದ್ದು ಹಿಂದೆ ಕೂತಿದ್ದ ಒಬ್ಬ ಮುದುಕ. "ಅಂಗಾದ್ರೆ ಆ ಬೊಂಬೆನ ತಲೆಕೆಳಗ್ ಮಾಡಿ ಕಟ್ಟುದ್ರೆ ಮಳೆ ಬತ್ತದಾ?"

"ಅಲ್ಲೂ ಹಾಗೇ ಮಾಡ್ತಾರೆ ತಾತ," ಎಂದರು ಜಪಾನಕ್ಕ, ಇದ್ದದ್ದನ್ನು ಇದ್ದ ಹಾಗೆ.

ನಗು ತಡೆಯಲು ನೋಡಿ ತಮ್ಮಣ್ಣನವರು ಸೋತರು. ಅವರು ನಕ್ಕ ಮೇಲೆ ಉಳಿದವರೂ ನಕ್ಕರು. ಭಾವನವರು ನಗಲಿಲ್ಲ. ಸಾಲಿನಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡು, ಹಿಂತಿರುಗಿ ನೋಡದೆ ಹೊರಟುಹೋದರು.

ನನ್ನನ್ನು ಮಿರ್ಲೆಗೆ ಕಳಿಸಲಿಲ್ಲ. ಅವತ್ತು ಸಂಜೆ ಆ ಮಾತು ಬಂದಿತ್ತು, ನಾನು ಒಳಗಿನಿಂದ ಕೇಳಿಸಿಕೊಂಡೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ, "ಅಷ್ಟ್ ಜನದ ಮುಂದೆ ಒಪ್ಕೊಂಡ್ಲಲ್ಲ, ಬುಡು ಮಗ. ನನ್ ಗಂಡನ್ ಪಂಚೆ ಅದು, ನನಗೇ ಇಲ್ದಿದ್ ಸಿಟ್ಟು ನಿನಗ್ಯಾಕೆ" ಎಂದರು. ವರ್ಷಕ್ಕೆ ಒಂದೆರಡು ಸಲ ಎಂದೆನಲ್ಲ, ಅದರಲ್ಲಿ ಒಂದು ನನ್ನ ಪಾಲಿಗೆ ಬಂತು. ಭಾವನವರು ಎಂಟು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಅದಕ್ಕೆ ಮುಂಚೆ ಎಷ್ಟು ಆಡುತ್ತಿದ್ದರು ಎಂದು ಲೆಕ್ಕ ಹಾಕಿದರೆ ನನಗೆ ನಷ್ಟವೇನೂ ಆಗಲಿಲ್ಲ. ಮಳೆ ಒಂಬತ್ತು ದಿನ ಬಿಟ್ಟು, ಆಶ್ಲೇಷದಲ್ಲಿ, ತನಗೆ ಬರಬೇಕೆನಿಸಿದಾಗ ಬಂತು. ರಾಗಿ ಅಷ್ಟೋ ಇಷ್ಟೋ ಚೇತರಿಸಿಕೊಂಡಿತು.

ಆದರೆ ಜಪಾನ್ ಪೀರಿಯಡ್ ನಿಂತಿತು. ಮೇಲಿನವರಿಗೆ ಯಾರಾದರೂ ದೂರು ಕೊಟ್ಟರೆ ತಮ್ಮ ಕೆಲಸಕ್ಕೆ ಕುತ್ತು ಬರುತ್ತದೆ ಎಂದು ಹೆಡ್‌ಮೇಷ್ಟ್ರು ಕೈ ಮುಗಿದರು. ಜಪಾನಕ್ಕನೂ ಕೈ ಮುಗಿದರು, ಅವರಿಗಿಂತ ಸ್ವಲ್ಪ ಹೆಚ್ಚು ಬಗ್ಗಿ. ಶನಿವಾರ ಬಂದರೆ ಮಧ್ಯಾಹ್ನದ ಮೇಲೆ ಅವರ ಜಗಲಿಯ ಕೆಳಗೆ ಪುಟ್ಟ ಪುಟ್ಟ ಚಪ್ಪಲಿಗಳು, ಮೂತಿ ಹೊರಗೆ ಮಾಡಿ ನಿಂತಿರುತ್ತಿದ್ದವು. ಮೊದಲು ಮೂರು ಜೊತೆ, ಆಮೇಲೆ ಒಂಬತ್ತು. ಹೋದ ವರ್ಷ ಅವರಿಗೆ ಉಸಿರಾಟದ ತೊಂದರೆ ಶುರುವಾಗುವವರೆಗೂ ಹಾಗೇ ನಡೆಯಿತು. ಶಾಲೆಗೆ ಅವರನ್ನು ಮತ್ತೆ ಯಾರೂ ಕರೆಯಲಿಲ್ಲ. ತಿಥಿಗೆ ಬಂದು ಹೊಗಳಿದವರಿಗೆ ಅದು ನೆನಪಿರಲಿಲ್ಲ.

ಗುಡಿಯ ವಿಷಯ ನಾವಿಬ್ಬರೂ ಮಾತಾಡಿದ್ದು ಒಂದೇ ಸಲ, ಆ ಮಳೆ ಬಂದು ನಿಂತ ಒಂದು ಮಧ್ಯಾಹ್ನ. ನಾನು ಅವರ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಅವರು ಮಕ್ಕಳಿಗಾಗಿ ಕಾಗದ ಕತ್ತರಿಸುತ್ತಿದ್ದರು.

"ಅಕ್ಕ, ಅವತ್ತು ಅಷ್ಟೊಂದು ಚಪ್ಪಲಿ ಯಾಕೆ ಜೋಡಿಸಿದ್ರಿ?"

"ನಿನಗೆ ಹೊತ್ತು ಬೇಕಾಗಿತ್ತಲ್ಲ."

ಸ್ವಲ್ಪ ಹೊತ್ತು ನಾನು ಅಕ್ಕಿಯಲ್ಲೇ ಕಲ್ಲು ಹುಡುಕಿದೆ. ಆಮೇಲೆ ಕೇಳಿದೆ. "ನಾನು ಆಗಲೂ ಬಾಯಿ ಬಿಡದೇ ಇದ್ದಿದ್ರೆ?"

"ಕರ್ಪೂರ ಆರಿಸ್ತಿದ್ದೆ."

"ಸುಳ್ಳು ಹೇಳಿ?"

"ಹೂಂ." ಕತ್ತರಿ ಕೆಳಗಿಟ್ಟರು. "ಆದರೆ ನಿನ್ನ ಮಗಳು ಶಾಲೆಯಿಂದ ಓಡಿ ಬಂದು ಅರಳಿಕಟ್ಟೆ ಹಿಂದೆ ನಿಂತಿದ್ದಳು. ನೀನು ನೋಡಲಿಲ್ಲ, ನಾನು ಮೆಟ್ಟಿಲು ಹತ್ತುವಾಗ ನೋಡಿದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ ಕಣಮ್ಮ. ಅಷ್ಟು ಹೊತ್ತೂ ನಿನ್ನ ಮುಖಾನೇ ನೋಡ್ತಾ ಇದ್ದಳು."